ಪ್ಲೇಟು ಹಾಳಾದರೆ ಇನ್ನೊಂದು ಸಿಗಬಹುದು, ಕಿವಿ ಹಾಳಾದರೆ? ಸಂಗೀತಪ್ರಿಯರ ಫೋನಿಗೆ ಬರುವ ಐದು ಮಾತುಗಳ ಪರೀಕ್ಷೆ

ಸಂಗೀತದ ಹುಚ್ಚು ಹಿಡಿದವರಿಗೆ ಎರಡು ಖರ್ಚು ತಪ್ಪಿದ್ದಲ್ಲ. ಒಂದು ಲೈವ್ ಶೋ ಟಿಕೆಟ್ಟು, ಇನ್ನೊಂದು ರೆಕಾರ್ಡು. ಅಜ್ಜನ ಕಾಲದ ಗ್ರಾಮಫೋನ್ ಪ್ಲೇಟುಗಳನ್ನು ಅಟ್ಟದಿಂದ ಇಳಿಸಿ ಒರೆಸುವವರು, ಹೊಸ ವಿನೈಲ್‌ಗಾಗಿ ತಿಂಗಳುಗಟ್ಟಲೆ ಹಣ ಕೂಡಿಡುವವರು ಈಗ ಮತ್ತೆ ಕಾಣಸಿಗುತ್ತಿದ್ದಾರೆ. ಇದರ ಜೊತೆಗೇ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸಲಹೆಗಳೂ ಧಾರಾಳವಾಗಿ ಹರಿದಾಡುತ್ತಿವೆ.

ಅಂಥ ಐದು ಮಾತುಗಳನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಮೂರು ಪ್ಲೇಟಿನ ಬಗ್ಗೆ, ಎರಡು ಕಿವಿಯ ಬಗ್ಗೆ. ಮೊದಲ ಮೂರನ್ನು ನಂಬಿದರೆ ಹಣವೋ ಪ್ಲೇಟೋ ಹೋಗುತ್ತದೆ. ಕೊನೆಯ ಎರಡನ್ನು ನಂಬಿದರೆ ಹೋದದ್ದು ಮತ್ತೆ ಬರುವುದಿಲ್ಲ.

ಮಾತು 1: "ಅಸಲಿ ಸಂಗೀತ ವಿನೈಲ್‌ನಲ್ಲಿ ಮಾತ್ರ, ಡಿಜಿಟಲ್‌ನಲ್ಲಿ ಸದ್ದು ತುಂಡು ತುಂಡು"

ನಿಜಾಂಶ: ಅರ್ಧ ತಪ್ಪು.

ಸಿಡಿಯಲ್ಲಿ ಸದ್ದನ್ನು ಸೆಕೆಂಡಿಗೆ 44,100 ಸಲ ಅಳೆದು ಅಂಕಿಗಳಾಗಿ ಬರೆದಿಡುತ್ತಾರೆ. ಹಾಗಾದರೆ ಎರಡು ಅಳತೆಗಳ ನಡುವಿನ ಸದ್ದು ಕಳೆದುಹೋಯಿತಲ್ಲ ಎಂಬುದು ಈ ಫಾರ್ವರ್ಡ್‌ನ ವಾದ. ಚುಕ್ಕಿ ರಂಗೋಲಿ ನೆನಪಿಸಿಕೊಳ್ಳಿ. ಚುಕ್ಕಿಗಳೇ ರಂಗೋಲಿಯಲ್ಲ, ಅವುಗಳ ಮೇಲೆ ಹಾಯುವ ಗೆರೆ ರಂಗೋಲಿ. ಮನುಷ್ಯನ ಕಿವಿಗೆ ಕೇಳಿಸುವುದು ಹೆಚ್ಚೆಂದರೆ 20,000 ಹರ್ಟ್ಸ್‌ವರೆಗಿನ ಸದ್ದು. ಆ ಮಿತಿಯೊಳಗಿನ ಸದ್ದಿಗೆ, ಸೆಕೆಂಡಿಗೆ 44,100 ಚುಕ್ಕಿ ಇಟ್ಟರೆ ಅವೆಲ್ಲದರ ಮೇಲೆ ಹಾಯಬಲ್ಲ ಗೆರೆ ಒಂದೇ ಒಂದು ಎಂದು ಗಣಿತ ಹೇಳುತ್ತದೆ. ಪ್ಲೇಯರ್ ಆ ಗೆರೆಯನ್ನೇ ಮತ್ತೆ ಎಳೆಯುತ್ತದೆ. ಸ್ಪೀಕರಿಗೆ ಹೋಗುವುದು ಮೆಟ್ಟಿಲು ಮೆಟ್ಟಿಲಾದ ಸದ್ದಲ್ಲ, ನುಣುಪಾದ ಅಲೆ.

ವಿನೈಲ್‌ಗೆ ಅದರದೇ ಮಿತಿಗಳಿವೆ. ದಪ್ಪ ಸ್ವರಗಳನ್ನು ಹಾಗೆಯೇ ಕೊರೆದರೆ ಗೀರು ಅಗಲವಾಗಿ ಜಾಗ ಸಾಲದು. ಹಾಗಾಗಿ ಕೊರೆಯುವಾಗ ಅವನ್ನು ತಗ್ಗಿಸಿ, ಕೇಳಿಸುವಾಗ ಆಂಪ್ಲಿಫೈಯರ್‌ನಲ್ಲಿ ಮತ್ತೆ ಏರಿಸುತ್ತಾರೆ. 12 ಇಂಚಿನ ಎಲ್‌ಪಿಯ ಹೊರ ಅಂಚಿನಲ್ಲಿ ಮುಳ್ಳಿನ ಕೆಳಗೆ ಸೆಕೆಂಡಿಗೆ ಸುಮಾರು 50 ಸೆಂಟಿಮೀಟರ್ ಗೀರು ಹರಿದರೆ, ಒಳ ಅಂಚಿಗೆ ಬರುವಷ್ಟರಲ್ಲಿ ಅದು ಸುಮಾರು 21ಕ್ಕೆ ಇಳಿದಿರುತ್ತದೆ. ಒಂದು ಬದಿಯ ಕೊನೆಯ ಹಾಡು ತುಸು ಒರಟಾಗಿ ಕೇಳುವುದು ಇದಕ್ಕೇ. ಅತಿ ಮೆಲುವಾದ ಮತ್ತು ಅತಿ ಜೋರಾದ ಸದ್ದಿನ ನಡುವೆ ಸಿಡಿಯಲ್ಲಿ ಸುಮಾರು 96 ಡೆಸಿಬೆಲ್ ಅಂತರ ಸಾಧ್ಯ, ಒಳ್ಳೆಯ ಎಲ್‌ಪಿಯಲ್ಲಿ ಸುಮಾರು 70.

ಇನ್ನೊಂದು ಸಂಗತಿ. ಅಮೆರಿಕದ ಮೊಬೈಲ್ ಫಿಡೆಲಿಟಿ ಕಂಪನಿಯ ದುಬಾರಿ ಎಲ್‌ಪಿಗಳು 'ಶುದ್ಧ ಅನಲಾಗ್' ಎಂದೇ ಸಂಗ್ರಾಹಕರಲ್ಲಿ ಹೆಸರಾಗಿದ್ದವು. ಅವುಗಳಲ್ಲಿ ಹಲವನ್ನು ತಯಾರಿಸುವಾಗ ನಡುವೆ ಒಂದು ಡಿಜಿಟಲ್ ಹಂತ ಇತ್ತು ಎಂಬುದು 2022ರಲ್ಲಿ ಹೊರಬಿತ್ತು. ವರ್ಷಗಳ ಕಾಲ ಅವನ್ನು ಹೊಗಳಿದ್ದ ಪಳಗಿದ ಕಿವಿಗಳಿಗೂ ಅದು ಗೊತ್ತಾಗಿರಲಿಲ್ಲ.

ಹಾಗೆಂದು ವಿನೈಲ್ ಪ್ರೀತಿ ಸುಳ್ಳಲ್ಲ. ದೊಡ್ಡ ಹೊದಿಕೆ, ಅದರ ಚಿತ್ರ, ಇಪ್ಪತ್ತು ನಿಮಿಷ ಎದ್ದು ಹೋಗದೆ ಕೂತು ಕೇಳುವ ಶಿಸ್ತು ಇವೆಲ್ಲ ನಿಜವಾದ ಸುಖಗಳೇ. ಎಷ್ಟೋ ಸಿಡಿಗಳಲ್ಲಿ ಎಲ್ಲ ಸದ್ದನ್ನೂ ಒಂದೇ ಸಮ ಜೋರು ಮಾಡಿರುವುದರಿಂದ ಅದೇ ಆಲ್ಬಮ್‌ನ ಎಲ್‌ಪಿ ಹಿತವಾಗಿ ಕೇಳಿಸುವುದೂ ಉಂಟು. ಆದರೆ ಅದು ಸಿಡಿಯ ತಪ್ಪಲ್ಲ, ಹಾಗೆ ಸಿದ್ಧಪಡಿಸಿದವರ ಆಯ್ಕೆ.

ಮಾತು 2: "ಹಳೆಯ ಪ್ಲೇಟನ್ನು ಸ್ಪಿರಿಟ್ ಅಥವಾ ಸ್ಯಾನಿಟೈಸರ್ ಹಾಕಿ ಒರೆಸಿ, ಹೊಸದರಂತೆ ಹೊಳೆಯುತ್ತದೆ"

ನಿಜಾಂಶ: 78 ಆರ್‌ಪಿಎಂ ಪ್ಲೇಟಿಗೆ ಇದು ವಿಷ.

ಹಳೆಯ, ಭಾರವಾದ, ಬಿದ್ದರೆ ಗಾಜಿನಂತೆ ಒಡೆಯುವ ಪ್ಲೇಟುಗಳು ಪ್ಲಾಸ್ಟಿಕ್ಕಿನವಲ್ಲ. ಅವುಗಳಲ್ಲಿ ಕಲ್ಲಿನ ಪುಡಿ, ಕರಿ ಬಣ್ಣದ ಜೊತೆ ಎಲ್ಲವನ್ನೂ ಹಿಡಿದಿಡುವ ಅಂಟು ಶೆಲ್ಲಾಕ್, ಅಂದರೆ ನಮ್ಮ ಅರಗು. ಚನ್ನಪಟ್ಟಣದ ಗೊಂಬೆಗೆ ಬಣ್ಣ ಹಿಡಿಸುವುದೂ ಅರಗೇ, ಮಹಾಭಾರತದಲ್ಲಿ ಪಾಂಡವರಿಗೆಂದು ಕಟ್ಟಿಸಿದ ಮನೆಯೂ ಅರಗಿನದೇ. ಮರಗಳ ಮೇಲೆ ಬದುಕುವ ಪುಟ್ಟ ಕೀಟವೊಂದು ಇದನ್ನು ಸ್ರವಿಸುತ್ತದೆ. ಜಗತ್ತಿನ ಗ್ರಾಮಫೋನ್ ಕಾರ್ಖಾನೆಗಳಿಗೆ ಅರಗು ಮುಖ್ಯವಾಗಿ ಹೋಗುತ್ತಿದ್ದುದು ಭಾರತದಿಂದ.

ಅರಗು ಆಲ್ಕೋಹಾಲಿನಲ್ಲಿ ಕರಗುತ್ತದೆ. ಬಡಗಿಗಳು ಅರಗಿನ ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ಕರಗಿಸಿಯೇ ಮರಕ್ಕೆ ಪಾಲಿಶ್ ಹಚ್ಚುವುದು. ಅದೇ ಸ್ಪಿರಿಟ್ ಪ್ಲೇಟಿನ ಮೇಲೆ ಬಿದ್ದರೆ ಕರಗುವುದು ಕೊಳೆಯಲ್ಲ, ಹಾಡು ಬರೆದ ಗೀರು.

ಕೋಲ್ಕತ್ತದಲ್ಲಿ 1902ರಲ್ಲಿ ಧ್ವನಿಮುದ್ರಿಸಿದ ಗೌಹರ್ ಜಾನ್ ಅವರ ಪ್ಲೇಟುಗಳು ಇಂಥವೇ. ಭಾರತದ ಮೊದಲ ರೆಕಾರ್ಡಿಂಗ್ ತಾರೆ ಎನಿಸಿದ ಅವರು ಕೊನೆಗಾಲದಲ್ಲಿ ಮೈಸೂರು ಅರಮನೆಯ ಗಾಯಕಿಯಾಗಿದ್ದರು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಆ ದನಿ ನಮಗೆ ಉಳಿದಿರುವುದು ಅರಗಿನ ಗೀರುಗಳಲ್ಲಿ.

ಹಾಗಾದರೆ ಸ್ವಚ್ಛ ಮಾಡುವುದು ಹೇಗೆ? ಡಿಸ್ಟಿಲ್ಡ್ ನೀರಿಗೆ ಒಂದೆರಡು ಹನಿ ಪಾತ್ರೆ ತೊಳೆಯುವ ದ್ರವ ಬೆರೆಸಿ. ಮೆತ್ತನೆಯ ಬಟ್ಟೆಯನ್ನು ಅದರಲ್ಲಿ ಅದ್ದಿ ಹಿಂಡಿ, ಗೀರು ಸುತ್ತುವ ದಿಕ್ಕಿನಲ್ಲೇ ಒರೆಸಿ. ನಡುವಿನ ಕಾಗದದ ಲೇಬಲ್ ಒದ್ದೆಯಾಗದಿರಲಿ. ಬರಿಯ ನೀರಿನ ಬಟ್ಟೆಯಿಂದ ಮತ್ತೊಮ್ಮೆ ಒರೆಸಿ ನೆರಳಲ್ಲಿ ಒಣಗಿಸಿ. 78ರ ಪ್ಲೇಟಾಗಲಿ ಎಲ್‌ಪಿಯಾಗಲಿ, ಒಂದರ ಮೇಲೊಂದು ಪೇರಿಸದೆ ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿಡಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಎಲ್‌ಪಿ ಬಿಟ್ಟರೆ ಹಪ್ಪಳದಂತೆ ಸೊಟ್ಟಗಾಗುತ್ತದೆ. ಎಲ್‌ಪಿಯನ್ನು ಹಳೆಯ ಕೀ ಕೊಡುವ ಗ್ರಾಮಫೋನಿನಲ್ಲಿ ಹಾಕಲೇಬೇಡಿ. ಅದರ ಉಕ್ಕಿನ ಮುಳ್ಳು ನೂರು ಗ್ರಾಮಿಗೂ ಹೆಚ್ಚು ಭಾರ ಹೇರುತ್ತದೆ. ಎಲ್‌ಪಿಗೆ ಬೇಕಾದದ್ದು ಸುಮಾರು ಎರಡು ಗ್ರಾಂ.

ಮಾತು 3: "ಹಳೆಯ ಪ್ಲೇಟು ಇದ್ದರೆ ಲಕ್ಷಾಂತರ ರೂಪಾಯಿ, ಈ ನಂಬರಿಗೆ ಕರೆ ಮಾಡಿ"

ನಿಜಾಂಶ: ಹೆಚ್ಚಿನ ಪಾಲು ಬಲೆ.

ಹಳೆಯದೆಲ್ಲ ಅಪರೂಪವಲ್ಲ. ಜನಪ್ರಿಯ ಸಿನಿಮಾ ಹಾಡುಗಳ ಪ್ಲೇಟುಗಳು ಆಗ ಭಾರೀ ಸಂಖ್ಯೆಯಲ್ಲಿ ಅಚ್ಚಾದವು, ಇಂದಿಗೂ ಬೇಕಾದಷ್ಟಿವೆ. ಬೆಲೆ ನಿರ್ಧಾರವಾಗುವುದು ಮೂರರಿಂದ: ಎಷ್ಟು ಪ್ರತಿ ಉಳಿದಿದೆ, ಯಾವ ಸ್ಥಿತಿಯಲ್ಲಿದೆ, ಕೊಳ್ಳುವವರು ಇದ್ದಾರೆಯೇ. ಗೀಚಿದ ಪ್ಲೇಟು ಎಷ್ಟೇ ಹಳೆಯದಾದರೂ ಸಂಗ್ರಾಹಕರು ಮೂಗು ಮುರಿಯುತ್ತಾರೆ.

ಮೋಸದ ದಾರಿ ಮಾತ್ರ ಹಳೆಯ ನೋಟು, ನಾಣ್ಯದ ಜಾಹೀರಾತುಗಳದ್ದೇ. ಮೊದಲು ಫೋಟೊ ಕೇಳುತ್ತಾರೆ, ದೊಡ್ಡ ಬೆಲೆ ಹೇಳುತ್ತಾರೆ. ಆಮೇಲೆ 'ನೋಂದಣಿ ಶುಲ್ಕ', 'ತೆರಿಗೆ', 'ಕೊರಿಯರ್ ಖರ್ಚು' ಎಂದು ನಿಮ್ಮಿಂದಲೇ ಹಣ ಹಾಕಿಸಿಕೊಳ್ಳುತ್ತಾರೆ. ತನ್ನ ಹೆಸರು ಬಳಸಿ ಹಳೆಯ ನೋಟು, ನಾಣ್ಯದ ವಹಿವಾಟಿಗೆ ಶುಲ್ಕ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿತ್ತು. ನೆನಪಿಡಬೇಕಾದ ಸೂತ್ರ ಇಷ್ಟೇ: ಮಾರುವವರು ನೀವು, ಹಣ ಬರಬೇಕಾದದ್ದು ನಿಮಗೆ. ಈಗಾಗಲೇ ಹಣ ಕಳಿಸಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಮಾತು 4: "ಶೋ ಮುಗಿದ ಮೇಲೆ ಕಿವಿ ಗುಂಯ್ ಎಂದರೆ ಚಿಂತೆಯಿಲ್ಲ, ಬೆಳಿಗ್ಗೆ ಸರಿಹೋಗುತ್ತದೆ. ಕೇಳ್ತಾ ಕೇಳ್ತಾ ಕಿವಿ ಗಟ್ಟಿಯಾಗುತ್ತದೆ"

ನಿಜಾಂಶ: ಸುಳ್ಳು. ಈ ಐದರಲ್ಲಿ ಅತಿ ಅಪಾಯದ ಮಾತು ಇದೇ.

ನಮ್ಮ ಒಳಕಿವಿಯಲ್ಲಿ ಬಸವನ ಹುಳುವಿನ ಚಿಪ್ಪಿನಂಥ ಒಂದು ಸುರುಳಿಯಿದೆ. ಅದರೊಳಗೆ ಸುಮಾರು 15,000 ಸೂಕ್ಷ್ಮ ಕೂದಲು ಕೋಶಗಳಿವೆ. ಸದ್ದಿನ ಅಲೆಗೆ ಇವು ತೂಗಿದಾಗಲೇ ಮಿದುಳಿಗೆ ಸಂದೇಶ ಹೋಗುವುದು. ಹುಲ್ಲಿನ ಮೇಲೆ ಒಮ್ಮೆ ನಡೆದರೆ ಅದು ಬಾಗಿ ಮತ್ತೆ ಏಳುತ್ತದೆ. ದಿನವೂ ಅಲ್ಲೇ ತುಳಿದರೆ ಹುಲ್ಲು ಸತ್ತು ಕಾಲುದಾರಿಯಾಗುತ್ತದೆ. ಶೋ ಮುಗಿದ ಮೇಲಿನ ಗುಂಯ್‌ಗುಡುವಿಕೆ, ಕಿವಿಗೆ ಬಟ್ಟೆ ತುರುಕಿದಂಥ ಅನುಭವ, ಇವು ತುಳಿತದ ಗುರುತು. ಬೆಳಿಗ್ಗೆ ಸರಿಹೋದಂತೆ ಅನ್ನಿಸಬಹುದು. ಆದರೆ ಕೇಳುವ ಶಕ್ತಿ ಮರಳಿದಂತೆ ಕಂಡರೂ ಕೂದಲು ಕೋಶಗಳಿಗೂ ನರಕ್ಕೂ ನಡುವಿನ ಕೊಂಡಿಗಳು ಕಾಯಂ ಕಳಚಿರಬಹುದು ಎಂಬುದನ್ನು ಇಲಿಗಳ ಮೇಲಿನ ಅಧ್ಯಯನಗಳು ತೋರಿಸಿವೆ. ಹಕ್ಕಿಗಳಲ್ಲಿ ಸತ್ತ ಕೂದಲು ಕೋಶ ಮತ್ತೆ ಹುಟ್ಟುತ್ತದೆ. ಮನುಷ್ಯರಲ್ಲಿ ಹುಟ್ಟುವುದಿಲ್ಲ. ಕಿವಿ 'ಗಟ್ಟಿ'ಯಾಯಿತು ಅನ್ನಿಸಿದರೆ, ಅದು ಅಭ್ಯಾಸವಲ್ಲ, ಕೇಳಿಸುವುದು ಕಡಿಮೆಯಾಗಿದೆ ಎಂದೇ ಅರ್ಥವಿರಬಹುದು.

ಎಷ್ಟು ಸದ್ದು ಹೆಚ್ಚು? ಡೆಸಿಬೆಲ್ ಲೆಕ್ಕ ಸಾಮಾನ್ಯ ಕೂಡು ಲೆಕ್ಕವಲ್ಲ. 3 ಡೆಸಿಬೆಲ್ ಏರಿದರೆ ಸದ್ದಿನ ಶಕ್ತಿ ಎರಡರಷ್ಟಾಗುತ್ತದೆ, ಸುರಕ್ಷಿತ ಸಮಯ ಅರ್ಧಕ್ಕಿಳಿಯುತ್ತದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯಾಶ್ ಕೆಲಸಗಾರರಿಗೆ ಹಾಕಿಕೊಟ್ಟ ದಿನದ ಮಿತಿ ಹೀಗಿದೆ:

85 ಡೆಸಿಬೆಲ್: 8 ಗಂಟೆ
91 ಡೆಸಿಬೆಲ್: 2 ಗಂಟೆ
94 ಡೆಸಿಬೆಲ್: 1 ಗಂಟೆ
100 ಡೆಸಿಬೆಲ್: 15 ನಿಮಿಷ

ದೊಡ್ಡ ಸ್ಪೀಕರುಗಳ ಶೋಗಳಲ್ಲಿ 100 ಡೆಸಿಬೆಲ್ ಅಪರೂಪವಲ್ಲ, ಶೋ ನಡೆಯುವುದು ಎರಡು ಮೂರು ಗಂಟೆ. ಸಂಗೀತ ಕಾರ್ಯಕ್ರಮಗಳಲ್ಲಿ ಯಾವುದೇ 15 ನಿಮಿಷದ ಸರಾಸರಿ ಸದ್ದು 100 ಡೆಸಿಬೆಲ್ ದಾಟಬಾರದು, ಕೇಳುಗರಿಗೆ ಇಯರ್‌ಪ್ಲಗ್ ಸಿಗುವಂತಿರಬೇಕು, ಕಿವಿಗೆ ಬಿಡುವು ಕೊಡಲು ಶಾಂತ ಜಾಗ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಮಾನದಂಡ ಪ್ರಕಟಿಸಿತು. ಇದು ಸ್ಟೇಡಿಯಂ ಶೋಗಳಿಗೆ ಮಾತ್ರ ಅನ್ವಯಿಸುವ ಮಾತಲ್ಲ. ಗಣೇಶೋತ್ಸವದ ಆರ್ಕೆಸ್ಟ್ರಾ, ಮೆರವಣಿಗೆಯ ಡಿಜೆ, ಮದುವೆ ಮನೆಯ ಸ್ಪೀಕರ್ ಎಲ್ಲಕ್ಕೂ ಕಿವಿ ಒಂದೇ.

ವೇದಿಕೆ ಮೇಲಿದ್ದವರೂ ಬೆಲೆ ತೆತ್ತಿದ್ದಾರೆ. ಬ್ರಿಟನ್ನಿನ 'ದಿ ಹೂ' ತಂಡ 1976ರಲ್ಲಿ ಲಂಡನ್ನಿನ ಫುಟ್‌ಬಾಲ್ ಮೈದಾನವೊಂದರಲ್ಲಿ ನಡೆಸಿದ ಶೋ ಅತಿ ಜೋರಿನದೆಂದು ಗಿನ್ನೆಸ್ ಪುಸ್ತಕ ಸೇರಿತ್ತು. ಅದೇ ತಂಡದ ಗಿಟಾರ್ ವಾದಕ ಪೀಟ್ ಟೌನ್‌ಶೆಂಡ್ ತಮ್ಮ ಕಿವಿ ಕೆಟ್ಟಿರುವುದನ್ನು ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಕಿವಿಗೆ ಹಾನಿಯಾಗುವುದನ್ನು ಪ್ರೋತ್ಸಾಹಿಸಬಾರದೆಂದು ಗಿನ್ನೆಸ್ ಆ ವಿಭಾಗವನ್ನೇ ಕೈಬಿಟ್ಟಿತು. 2025ರ ಜನವರಿಯಲ್ಲಿ ಮುಂಬೈ, ಅಹಮದಾಬಾದ್‌ಗಳಲ್ಲಿ ಹಾಡಿದ ಕೋಲ್ಡ್‌ಪ್ಲೇ ತಂಡದ ಕ್ರಿಸ್ ಮಾರ್ಟಿನ್ ಅವರಿಗೂ ಕಿವಿ ಗುಂಯ್‌ಗುಡುವ ತೊಂದರೆಯಿದೆ.

ಇನ್ನೊಂದು ವಿಷಯ ರೆಕಾರ್ಡ್ ಪ್ರಿಯರಿಗೆ ನೇರವಾಗಿ ತಟ್ಟುವಂಥದ್ದು. ಜೋರು ಸದ್ದಿಗೆ ಮೊದಲು ಬಲಿಯಾಗುವುದು ಎತ್ತರದ ಸ್ವರಗಳನ್ನು ಹಿಡಿಯುವ ಕೋಶಗಳು. ಕಂಚಿನ ತಾಳದ ಕಿಣಿಕಿಣಿ, ತಂಬೂರಿಯ ಝೇಂಕಾರದ ತುದಿ, ಹಾಡುವವರ ಸ, ಶ ಅಕ್ಷರಗಳ ಅಂಚು ಮಸುಕಾಗುತ್ತವೆ. ಒಳ್ಳೆಯ ಮುಳ್ಳು, ಒಳ್ಳೆಯ ಸ್ಪೀಕರ್ ಎಂದು ಸಾವಿರಾರು ರೂಪಾಯಿ ಕೊಡುವುದೇ ಈ ಸೂಕ್ಷ್ಮಗಳಿಗಾಗಿ. ಕಿವಿಯೇ ಅವನ್ನು ಬಿಟ್ಟುಕೊಟ್ಟರೆ ಯಾವ ಯಂತ್ರವೂ ಮರಳಿ ತರಲಾರದು.

ಮಾತು 5: "ಕಿವಿಗೆ ಹತ್ತಿ ಇಟ್ಟುಕೊಂಡರೆ ಸಾಕು. ನೋವು ಬಂದರೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡಿ"

ನಿಜಾಂಶ: ಎರಡೂ ಬೇಡ.

ಹತ್ತಿಯ ಎಳೆಗಳ ನಡುವೆ ಗಾಳಿ ಹಾಯುತ್ತದೆ, ಸದ್ದೂ ಹಾಯುತ್ತದೆ. ಅದರಿಂದ ಸಿಗುವ ರಕ್ಷಣೆ ತೀರಾ ಕಡಿಮೆ. ಮೆಡಿಕಲ್ ಸ್ಟೋರ್‌ಗಳಲ್ಲಿ ಕಡಿಮೆ ಬೆಲೆಗೆ ಸಿಗುವ ಫೋಮ್ ಇಯರ್‌ಪ್ಲಗ್ ಎಷ್ಟೋ ಮೇಲು. ಅದನ್ನು ಬೆರಳಲ್ಲಿ ತೆಳ್ಳಗೆ ಹೊಸೆದು, ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ಒಳಗಿಟ್ಟು, ಉಬ್ಬಿ ಕೂರುವವರೆಗೆ ಒತ್ತಿ ಹಿಡಿಯಬೇಕು. ಸಂಗೀತಕ್ಕೆಂದೇ ಮಾಡಿದ ಫಿಲ್ಟರ್ ಇಯರ್‌ಪ್ಲಗ್‌ಗಳೂ ಇವೆ. ಅವು ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಸಮವಾಗಿ ತಗ್ಗಿಸುವುದರಿಂದ ಹಾಡು ಮಂಕಾಗುವುದಿಲ್ಲ. 100 ಡೆಸಿಬೆಲ್ ಸದ್ದನ್ನು 15 ತಗ್ಗಿಸಿದರೆ ಕಿವಿಗೆ ತಲುಪುವುದು 85. ಮೇಲಿನ ಪಟ್ಟಿ ನೋಡಿ: 15 ನಿಮಿಷದ ಮಿತಿ 8 ಗಂಟೆಯಾಯಿತು.

ಬಿಸಿ ಎಣ್ಣೆ ಒಳಕಿವಿಯನ್ನು ಮುಟ್ಟುವುದೂ ಇಲ್ಲ, ಸತ್ತ ಕೋಶವನ್ನು ಬದುಕಿಸುವುದೂ ಇಲ್ಲ. ತಮಟೆಯಲ್ಲಿ ತೂತಿದ್ದರೆ ಸೋಂಕಿಗೆ ದಾರಿ, ಬಿಸಿ ಹೆಚ್ಚಾದರೆ ಸುಟ್ಟ ಗಾಯ.

ಶೋಗೆ ಹೊರಡುವಾಗ ಹೀಗೆ ಮಾಡಿ:

ಸ್ಪೀಕರ್ ಗೋಪುರದ ಎದುರು ನಿಲ್ಲಬೇಡಿ. ಸಾಧ್ಯವಾದಷ್ಟು ದೂರ, ಸೌಂಡ್ ಎಂಜಿನಿಯರ್ ಕೂರುವ ಜಾಗದ ಹತ್ತಿರ ನಿಲ್ಲಿ. ಧ್ವನಿ ಹೊಂದಿಸುವುದೇ ಅಲ್ಲಿ ಕೇಳಿಸುವುದನ್ನು ನೋಡಿಕೊಂಡು.

ನಡುನಡುವೆ ಹತ್ತು ನಿಮಿಷ ಹೊರಗೆ ಬನ್ನಿ. ಮರುದಿನ ಹೆಡ್‌ಫೋನಿಗೆ ರಜೆ ಕೊಡಿ.

ಮಕ್ಕಳನ್ನು ಕರೆದೊಯ್ಯುವುದಾದರೆ ಕಿವಿ ಪೂರ್ತಿ ಮುಚ್ಚುವ ಇಯರ್‌ಮಫ್ ಹಾಕಿ.

ಪಕ್ಕದವರೊಂದಿಗೆ ಕೂಗಿ ಮಾತಾಡಬೇಕಾಗಿದೆ ಎಂದರೆ ಸದ್ದು ಮಿತಿ ಮೀರಿದೆ ಎಂದು ತಿಳಿಯಿರಿ. ಫೋನಿನ ಡೆಸಿಬೆಲ್ ಆ್ಯಪ್‌ನಿಂದಲೂ ಅಂದಾಜು ಸಿಗುತ್ತದೆ.

ಗುಂಯ್‌ಗುಡುವಿಕೆ ಒಂದೆರಡು ದಿನದಲ್ಲಿ ಹೋಗದಿದ್ದರೆ ಕಿವಿ, ಮೂಗು, ಗಂಟಲು ತಜ್ಞರನ್ನು ಕಾಣಿ. ಒಂದು ಕಿವಿ ಇದ್ದಕ್ಕಿದ್ದಂತೆ ಕೇಳಿಸದಾದರೆ ಅದೇ ದಿನ ಹೋಗಿ. ಇದಕ್ಕೆ ಚಿಕಿತ್ಸೆ ಬೇಗ ಶುರುವಾದಷ್ಟೂ ಫಲ ಹೆಚ್ಚು. ಶ್ರವಣ ಪರೀಕ್ಷೆಗೆ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಂಥ ಕಡೆ ಒಳ್ಳೆಯ ವ್ಯವಸ್ಥೆಯಿದೆ.

ಪ್ಲೇಟಿಗೆ ಬೆರಳ ಗುರುತು ಬಿದ್ದರೂ ಸಹಿಸದವರು ನಮ್ಮಲ್ಲಿದ್ದಾರೆ. ಆ ಕಾಳಜಿಯ ಅರ್ಧದಷ್ಟನ್ನು ಕಿವಿಗೆ ಕೊಟ್ಟರೂ ಸಾಕು, ಅರವತ್ತರ ವಯಸ್ಸಿನಲ್ಲೂ ಅದೇ ಪ್ಲೇಟನ್ನು ಹಾಕಿ ಕೇಳಬಹುದು. ನಿಮ್ಮ ಗುಂಪಿನಲ್ಲಿ ಯಾರಾದರೂ ಈ ವಾರ ಶೋಗೆ ಹೊರಟಿದ್ದರೆ, ಟಿಕೆಟ್ಟಿನ ಜೊತೆ ಇಯರ್‌ಪ್ಲಗ್ ಇಟ್ಟುಕೊಂಡರೇ ಎಂದು ಕೇಳಿ. ಫಾರ್ವರ್ಡ್ ಮಾಡಲು ಯೋಗ್ಯವಾದ ಮಾತು ಅದು.