ವಂಶಚರಿತ್ರೆಯ ಶೋಧನೆಯಲ್ಲಿ ಪರಸ್ಪರ ನೆರವು

ನಮ್ಮ ನಾಡಿನಲ್ಲಿ ವಂಶಚರಿತ್ರೆಯು ಎಂದೂ ಒಬ್ಬನ ಕೆಲಸವಾಗಿರಲಿಲ್ಲ. ಹೆಳವರು ಮನೆಬಾಗಿಲಿಗೆ ಬಂದು ಹಿಂದಿನ ತಲೆಮಾರುಗಳ ಹೆಸರು ಹೇಳಿ, ಹೊಸದಾಗಿ ಹುಟ್ಟಿದವರ ಹೆಸರನ್ನು ಸೇರಿಸಿಕೊಂಡು, ಕಾಳುಕಡಿಯ ದಾನ ಪಡೆದು ಮುಂದಿನ ಊರಿಗೆ ಹೋಗುವ ಪದ್ಧತಿ ಹಳೆಯದು. ಕೆಲವೆಡೆ ಈಗಲೂ ಉಂಟು. ಹೇಳುವವನಿಗೂ ಕೇಳುವವನಿಗೂ ಅಲ್ಲಿ ಒಂದು ಕಟ್ಟಳೆಯಿದೆ. ಅದೇ ಶೋಧನೆಯು ಪತ್ರಾಗಾರದ ಮೇಜಿಗೆ ಬಂದಾಗ ನೆರವಿನ ಕಟ್ಟಳೆ ಏನಾಗಿರಬೇಕೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿವೇಚಿಸಲಾಗಿದೆ.

ಧಾರವಾಡ, ಬೆಳಗಾವಿ, ವಿಜಯಪುರ ಜಿಲ್ಲೆಗಳ ಮನೆತನಗಳಿಗೆ ಸಂಬಂಧಿಸಿದ ಇನಾಮು, ವತನಗಳ ಹಳೆಯ ಕಾಗದಪತ್ರಗಳಲ್ಲಿ ಬಹಳಷ್ಟು ಮರಾಠಿ ಭಾಷೆಯಲ್ಲಿ, ಮೋಡಿ ಲಿಪಿಯಲ್ಲಿ ಇವೆ. ಪೇಶವೆಯರ ದಫ್ತರವು ಪುಣೆಯಲ್ಲಿದೆ. ಈ ಜಿಲ್ಲೆಗಳು 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿದ್ದುದರಿಂದ ಅನಂತರದ ಕಾಗದಗಳನ್ನು ಅರಸಿಯೂ ಶೋಧಕನು ಅತ್ತ ಹೋಗಬೇಕಾಗುತ್ತದೆ. ಮೋಡಿಯಲ್ಲಿ ಪದಗಳ ನಡುವೆ ತೆರಪಿಲ್ಲ. ಲೇಖನಿಯನ್ನು ಎತ್ತದೆ ಬರೆಯುವುದರಿಂದ ಅಕ್ಷರಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಇಕಾರ ಉಕಾರಗಳಲ್ಲಿ ಹ್ರಸ್ವದೀರ್ಘ ಭೇದವಿಲ್ಲ. ಆದುದರಿಂದ ಬಲ್ಲವರ ನೆರವು ಅನಿವಾರ್ಯ.

ಆದರೆ ನೆರವೆಂದು ಏನನ್ನು ಕೇಳಬೇಕು? ಇದನ್ನು ನಾವು ನಮ್ಮ ತಪ್ಪಿನಿಂದಲೇ ಕಲಿತೆವು. ಎರಡು ಕವಲುಗಳಾಗಿದ್ದ ಮನೆತನವೊಂದರ ಇನಾಮು ಪತ್ರವನ್ನು ಓದಿಕೊಟ್ಟ ಹಿರಿಯರು ಅದರ ವರ್ಷ 1170 ಎಂದರು. ನಾವು ಅದನ್ನು ಫಸಲಿ ವರ್ಷವೆಂದು ಬಗೆದು, 590 ಕೂಡಿಸಿ, 1760-61 ಎಂದು ಬರೆದುಕೊಂಡೆವು. ಆ ಮನೆತನದ ವಿಭಾಗವಾದುದು ಅದರ ಕೆಲವು ವರ್ಷಗಳ ಅನಂತರ. ಹೀಗಾಗಿ, ಪತ್ರದಲ್ಲಿ ಹೆಸರಿದ್ದವನು ಅವಿಭಕ್ತ ಕುಟುಂಬದ ಯಜಮಾನನೆಂದೂ, ಇನಾಮು ಎರಡು ಕವಲುಗಳಿಗೂ ಸೇರಿದ್ದಾಗಿತ್ತೆಂದೂ ಬರೆದು ವಂಶಾವಳಿಯನ್ನು ಮನೆಯವರಿಗೆ ಕೊಟ್ಟೆವು.

ಮರುವರ್ಷ ಅದೇ ಪತ್ರವನ್ನು ನೋಡುತ್ತಿದ್ದ ಮತ್ತೊಬ್ಬ ಶೋಧಕರು ನಮ್ಮನ್ನು ಕರೆದು, ಮೂಲದಲ್ಲಿ ಅಂಕಿಯೇ ಇಲ್ಲವೆಂದು ತೋರಿಸಿದರು. ಅಲ್ಲಿದ್ದುದು ‘ಸಬೈನ್ ಮಯಾ ವ ಅಲಫ್’ ಎಂಬ ಅರಬ್ಬೀ ಸಂಖ್ಯಾಪದಗಳು: ಎಪ್ಪತ್ತು, ನೂರು, ಸಾವಿರ. ಹೀಗೆ ಪದಗಳಲ್ಲಿ ಬರೆಯುವುದು ಮರಾಠಾ ದಫ್ತರಗಳಲ್ಲಿ ಶುಹೂರ್ ಸನದ ವಾಡಿಕೆ. ಅದಕ್ಕೆ 599 ಕೂಡಿಸಬೇಕು; ವರ್ಷವು 1769-70 ಆಗುತ್ತದೆ. ಎರಡು ಸನಗಳೂ ಮೃಗಶಿರೆಯ ಹೊತ್ತಿಗೆ ಮೊದಲಾಗುವುದರಿಂದ ತಿಂಗಳಿನಿಂದ ಭೇದ ತಿಳಿಯದು. ಒಂಬತ್ತು ವರ್ಷಗಳ ಈ ಅಂತರದಿಂದ ಪತ್ರವು ವಿಭಾಗದ ಈಚೆಗೆ ಬಂದಿತು. ಹೆಸರಿದ್ದವನು ಒಂದೇ ಕವಲಿನ ಯಜಮಾನನಾದನು. ಹಿರಿಯರು ಓದಿದುದು ತಪ್ಪಲ್ಲ. ನಾವು ಅವರಿಂದ ಅರ್ಥವನ್ನು ಕೇಳಿದೆವು, ಪಾಠವನ್ನು ಕೇಳಲಿಲ್ಲ.

ಆದುದರಿಂದ ನೆರವು ಪಡೆಯುವವನು ಮೊದಲು ಪಾಠವನ್ನು ಅಕ್ಷರಶಃ ಬರೆದುಕೊಂಡು, ಆಮೇಲೆ ಅರ್ಥವನ್ನು ಕೇಳತಕ್ಕದ್ದು. ರುಮಾಲಿನ ಸಂಖ್ಯೆಯನ್ನೂ ಓದಿಕೊಟ್ಟವರ ಹೆಸರನ್ನೂ ಜೊತೆಗೆ ಬರೆದಿಡಬೇಕು. ಇದು ಕೃತಜ್ಞತೆಗಾಗಿ ಮಾತ್ರವಲ್ಲ, ಮುಂದೆ ಸಂಶಯ ಬಂದಾಗ ಪರಿಶೀಲಿಸುವುದಕ್ಕಾಗಿಯೂ ಹೌದು. ನೆರವು ನೀಡುವವನಾದರೋ ಸಂದಿಗ್ಧವಾದ ಅಕ್ಷರವನ್ನು ಸಂದಿಗ್ಧವೆಂದೇ ಹೇಳಬೇಕು. ತನ್ನ ಪೂರ್ವಜನ ಹೆಸರು ಕಾಣಬೇಕೆಂದು ದೂರದಿಂದ ಬಂದವನ ಮುಖ ನೋಡಿ, ಅವನು ಬಯಸಿದ ಹೆಸರನ್ನೇ ಓದಿಬಿಡುವ ಕನಿಕರವು ಉಪಕಾರವಲ್ಲ.

ಇಂತಹ ಋಣವನ್ನು ಪಡೆದವರಿಗೇ ತೀರಿಸುವ ಅವಕಾಶ ಎಲ್ಲ ಸಲವೂ ಸಿಗದು, ಬೇರೆಯವರಿಗೆ ತೀರಿಸಬಹುದು. ಹಳೆಯ ಕನ್ನಡ ಕಡತದ ಮುಂದೆ ಕುಳಿತು ತೊಡಕುವವರಿಗೆ ನಮ್ಮ ವಿದ್ಯಾರ್ಥಿಗಳು ನೆರವಾಗಲಿ. ಕಡತವೆಂದರೆ ಹುಣಿಸೆಬೀಜದ ಅಂಟು, ಇದ್ದಿಲ ಪುಡಿ ಬಳಿದ ಬಟ್ಟೆಯ ಮೇಲೆ ಬಳಪದಿಂದ ಬರೆದುದು. ಬೆರಳು ಉಜ್ಜಿದರೆ ಅಕ್ಷರವೇ ಅಳಿಯುತ್ತದೆ. ಅದನ್ನು ಮುಟ್ಟದೆ ಓದುವ ಬಗೆಯನ್ನು ತೋರಿಸುವುದೂ ಒಂದು ನೆರವೇ.

ತಿದ್ದಿದ ವಂಶಾವಳಿಯನ್ನು ನಾವು ಎರಡು ಕವಲುಗಳವರಿಗೂ ಒಯ್ದು ಕೊಟ್ಟೆವು. ಒಂದು ಮನೆಯಲ್ಲಿ ಅದನ್ನು ಸಂತೋಷದಿಂದ ಸ್ವೀಕರಿಸಲಿಲ್ಲ. ಆದರೂ ಮೂಲದ ಆ ಪದಗಳನ್ನು ಕನ್ನಡ ಅಕ್ಷರಗಳಲ್ಲಿ ಅದರ ಕೆಳಗೆ ಬರೆದಿದ್ದೇವೆ. ನಮ್ಮ ಮಾತನ್ನು ನಂಬದವರು ಮೂಲವನ್ನೇ ನೋಡಿ ತಿಳಿಯಬಹುದು.