ಕಬ್ಬಿಣದ ಸಹವಾಸ

ಪರುಷಮಣಿ ಸೋಂಕಿದ ಕಬ್ಬಿಣ ಹೊನ್ನಾಗುತ್ತದೆಂಬ ಮಾತು ಕನ್ನಡ ಸಾಹಿತ್ಯವನ್ನು ಬಲ್ಲವರಿಗೆ ಹೊಸದಲ್ಲ. ವಚನಕಾರರು ಆ ಕಲ್ಪನೆಯನ್ನು ಸತ್ಸಂಗದ ಮಹಿಮೆಗೆ ಉಪಮಾನವಾಗಿ ತಂದಿದ್ದಾರೆ. ಬಹುಕಾಲ ತರಗತಿಯಲ್ಲಿ ಅಂಥ ವಚನಗಳಿಗೆ ಅರ್ಥ ಹೇಳುತ್ತಿದ್ದ ನನಗೆ, ವಿಶ್ರಾಂತ ಜೀವನದಲ್ಲಿ ಲೋಹವಿಜ್ಞಾನದ ಕೆಲವು ಪುಸ್ತಕಗಳನ್ನು ಓದಿದಾಗ ಸೋಜಿಗವೆನಿಸಿತು. ಸೋಂಕಿನಿಂದ ಕಬ್ಬಿಣದ ಗತಿ ಬದಲಾಗುವುದು ನಿಜವೇ. ಆದರೆ ಅಲ್ಲಿ ನೀತಿ ತಿರುಗುಮುರುಗಾಗಿದೆ. ತನಗಿಂತ ಶ್ರೇಷ್ಠವಾದ ಲೋಹದ ಸಂಗದಲ್ಲಿ ಕಬ್ಬಿಣ ಬೇಗ ಕೆಡುತ್ತದೆ; ತನಗಿಂತ ಕೆಳಗಿನದರ ಸಂಗದಲ್ಲಿ ಬಹುಕಾಲ ಬಾಳುತ್ತದೆ. ಇದು ಹೇಗೆಂಬುದನ್ನು ಈ ಹೊತ್ತು ವಿವರಿಸಬೇಕೆಂದಿದ್ದೇನೆ.

ಮೊದಲು ತುಕ್ಕೆಂದರೇನೆಂಬುದನ್ನು ನೋಡೋಣ. ಒದ್ದೆಯಾದ ಕಬ್ಬಿಣದ ಪರಮಾಣುಗಳು ಎಲೆಕ್ಟ್ರಾನುಗಳೆಂಬ ಋಣವಿದ್ಯುತ್ತಿನ ಕಣಗಳನ್ನು ಬಿಟ್ಟುಕೊಟ್ಟು ನೀರಿನಲ್ಲಿ ಕರಗುತ್ತವೆ. ಆ ಎಲೆಕ್ಟ್ರಾನುಗಳು ಲೋಹದೊಳಗೇ ಹರಿದು ಇನ್ನೊಂದು ಎಡೆಯಲ್ಲಿ, ನೀರಿನಲ್ಲಿ ಬೆರೆತಿರುವ ಆಮ್ಲಜನಕವನ್ನು ಸೇರುತ್ತವೆ. ಕರಗಿದ ಕಬ್ಬಿಣ, ನೀರು, ಆಮ್ಲಜನಕ ಮೂರೂ ಕೂಡಿ ಕೆಂಗಂದು ಬಣ್ಣದ ತುಕ್ಕಾಗುತ್ತದೆ. ಅಂದರೆ ಎಲೆಕ್ಟ್ರಾನನ್ನು ಕೊಡುವ ಜಾಗವೂ ಬೇಕು, ಕೊಳ್ಳುವ ಜಾಗವೂ ಬೇಕು. ಬರಿಯ ಕಬ್ಬಿಣದಲ್ಲಿ ಇವೆರಡೂ ಒಂದೇ ತುಂಡಿನ ಮೇಲೆ ಅಲ್ಲಲ್ಲಿ ಇರುತ್ತವೆ. ಬೇರೊಂದು ಲೋಹ ಬಂದು ತಗುಲಿದಾಗ ಪಾತ್ರಗಳು ಹಂಚಿಹೋಗುತ್ತವೆ.

ಯಾರಿಗೆ ಯಾವ ಪಾತ್ರವೆಂಬುದು ಆಯಾ ಲೋಹದ ಸ್ವಭಾವಕ್ಕೆ ಸೇರಿದ್ದು. ವಿಜ್ಞಾನಿಗಳು ಇದನ್ನು ವೋಲ್ಟುಗಳಲ್ಲಿ ಅಳೆದು ಒಂದು ಶ್ರೇಣಿಯನ್ನೇ ಮಾಡಿದ್ದಾರೆ: ಸತುವಿಗೆ ಸೊನ್ನೆಗಿಂತ 0.76 ಕೆಳಗೆ, ಕಬ್ಬಿಣಕ್ಕೆ 0.44 ಕೆಳಗೆ, ತವರಕ್ಕೆ 0.14 ಕೆಳಗೆ, ತಾಮ್ರಕ್ಕೆ ಸೊನ್ನೆಗಿಂತ 0.34 ಮೇಲೆ. ಕೆಳಗಿರುವುದು ಸುಲಭವಾಗಿ ಕೊಡುತ್ತದೆ, ಮೇಲಿರುವುದು ಬಿಗಿಹಿಡಿಯುತ್ತದೆ. ರಸಾಯನಶಾಸ್ತ್ರದಲ್ಲಿ ಶ್ರೇಷ್ಠ ಲೋಹವೆಂದರೆ ಸುಲಭವಾಗಿ ಏನನ್ನೂ ಬಿಟ್ಟುಕೊಡದ್ದು ಎಂದಷ್ಟೇ ಅರ್ಥ!

ಈ ಸಂಗತಿ ಬೆಳಕಿಗೆ ಬಂದದ್ದು ಪ್ರಯೋಗಶಾಲೆಯಲ್ಲಲ್ಲ, ಸಮುದ್ರದಲ್ಲಿ. ಹದಿನೆಂಟನೆಯ ಶತಮಾನದಲ್ಲಿ ಬ್ರಿಟಿಷ್ ನೌಕಾಪಡೆಯ ಮರದ ಹಡಗುಗಳನ್ನು ಕಡಲ ಹುಳುಗಳು ಕೊರೆದು ಹಾಳುಮಾಡುತ್ತಿದ್ದವು. ಅದಕ್ಕೆ ಪರಿಹಾರವಾಗಿ 1761ರಲ್ಲಿ ‘ಅಲಾರ್ಮ್’ ಎಂಬ ಹಡಗಿನ ತಳಕ್ಕೆ ತಾಮ್ರದ ತಗಡನ್ನು ಹೊದಿಸಿ ಕಬ್ಬಿಣದ ಮೊಳೆಗಳಿಂದ ಬಿಗಿದರು. 1763ರಲ್ಲಿ ಪರೀಕ್ಷಿಸಿದಾಗ ಹುಳುವಿನ ಕಾಟ ತಪ್ಪಿತ್ತು, ಆದರೆ ಮೊಳೆಗಳು ಕೊಳೆತು ತಗಡು ಅಲ್ಲಲ್ಲಿ ಕಳಚಿತ್ತು. ಎಲ್ಲ ಮೊಳೆಗಳೂ ಹಾಗಾಗಿರಲಿಲ್ಲವೆಂಬುದೇ ಸ್ವಾರಸ್ಯ. ತಗಡಿಗೆ ಸುತ್ತಿ ತಂದಿದ್ದ ಕಂದು ಕಾಗದ ಕೆಲವು ಮೊಳೆಗಳ ತಲೆಯಡಿಯಲ್ಲಿ ಸಿಕ್ಕಿಕೊಂಡು ಉಳಿದಿತ್ತು. ಕಾಗದ ನಡುವೆ ನಿಂತಿದ್ದ ಕಡೆ ಮೊಳೆಗಳು ಅಷ್ಟಾಗಿ ಕೆಟ್ಟಿರಲಿಲ್ಲ. ಕಬ್ಬಿಣವನ್ನು ತಾಮ್ರಕ್ಕೆ ತಗುಲಿಸಬಾರದೆಂಬ ಪಾಠವನ್ನು ಪರೀಕ್ಷಕರು ಆಗಲೇ ಕಂಡುಕೊಂಡರು. ಕಾರಣ ತಿಳಿಯಲು ಮಾತ್ರ ಕಾಲ ಬೇಕಾಯಿತು. ಎರಡು ಲೋಹಗಳ ನಡುವೆ ಒದ್ದೆಯ ಪದಾರ್ಥವಿದ್ದರೆ ವಿದ್ಯುತ್ತು ಹುಟ್ಟುತ್ತದೆಂಬುದನ್ನು ಇಟಲಿಯ ವೋಲ್ಟಾ ತನ್ನ ಬ್ಯಾಟರಿಯ ಮೂಲಕ ಲೋಕಕ್ಕೆ ತಿಳಿಸಿದ್ದು 1800ರಲ್ಲಿ. ‘ಅಲಾರ್ಮ್’ ಹಡಗಿನ ತಳ ತನಗರಿವಿಲ್ಲದೆಯೇ ಒಂದು ದೊಡ್ಡ ಬ್ಯಾಟರಿಯಾಗಿತ್ತು. ಉಪ್ಪುನೀರು ಅದಕ್ಕೆ ಒದಗಿತ್ತು.

ಇಲ್ಲಿ ಪ್ರಮಾಣದ ಮಾತೂ ಉಂಟು. ವಿಶಾಲವಾದ ತಾಮ್ರದ ಹಾಳೆಗೆ ಸಣ್ಣ ಕಬ್ಬಿಣದ ಮೊಳೆ ಹೊಡೆದರೆ, ಅಷ್ಟು ದೊಡ್ಡ ತಾಮ್ರ ಕೇಳುವುದನ್ನೆಲ್ಲ ಆ ಚಿಕ್ಕ ಮೊಳೆಯೇ ಕೊಡಬೇಕು. ಅದು ಬೇಗ ಸವೆದುಹೋಗುತ್ತದೆ. ಉದ್ದನೆಯ ಕಬ್ಬಿಣದ ಕೊಳವೆಯ ತುದಿಗೆ ಹಿತ್ತಾಳೆಯ ಪುಟ್ಟ ನಲ್ಲಿ ಹಾಕಿದರೆ ಹೊರೆ ಹಂಚಿಹೋಗುವುದರಿಂದ ಕೊಳವೆ ವರ್ಷಗಟ್ಟಲೆ ತಾಳಿಕೊಳ್ಳುತ್ತದೆ.

ಈಗ ಸತುವಿನ ಕಡೆಗೆ ಬರೋಣ. 1837ರಲ್ಲಿ ಫ್ರಾನ್ಸಿನ ಸೊರೆಲ್ ಎಂಬಾತ ಕಬ್ಬಿಣವನ್ನು ಕರಗಿದ ಸತುವಿನಲ್ಲಿ ಅದ್ದಿ ತೆಗೆಯುವ ವಿಧಾನಕ್ಕೆ ಪೇಟೆಂಟ್ ಪಡೆದ. ನಮ್ಮ ಬಚ್ಚಲಿನ ತಗಡಿನ ಬಕೆಟ್ಟು, ಸೂರಿನ ಜಿಂಕ್ ಶೀಟು, ಜಿ.ಐ. ಪೈಪು ಎಲ್ಲವೂ ಆ ಕುಲದವೇ. ಲೇಪ ಗೀಚಿ ಕಬ್ಬಿಣ ತುಸು ಹೊರಗೆ ಕಂಡರೂ ಸುತ್ತಲ ಸತು ತಾನು ಕರಗುತ್ತ ಅದನ್ನು ಕಾಯುತ್ತದೆ. ತವರ ಬಳಿದ ಡಬ್ಬದ ಕಥೆ ಬೇರೆ. ಲೇಪ ಅಖಂಡವಾಗಿರುವವರೆಗೆ ಅದು ಒಳ್ಳೆಯ ಕಾವಲುಗಾರ. ಹೊರಮೈಯಲ್ಲಿ ಗೀರು ಬಿದ್ದು ನೀರು ತಾಗಿತೆಂದರೆ, ಶ್ರೇಷ್ಠವಾದ ತವರ ಉಳಿದುಕೊಂಡು ಕೆಳಗಿನ ಕಬ್ಬಿಣವೇ ತುಕ್ಕಿಗೆ ಗುರಿಯಾಗುತ್ತದೆ. ಎಣ್ಣೆಯ ಹಳೆಯ ಡಬ್ಬ ಗೀರಿದ ಗೆರೆಯಗುಂಟ ತುಕ್ಕು ಹಿಡಿಯುವುದನ್ನು ಗೃಹಿಣಿಯರು ಬಲ್ಲರು.

ತಿಳಿದವರೂ ಈ ಶತ್ರುವನ್ನು ಪೂರ್ತಿ ತಡೆಯಲಾರರು. ನ್ಯೂಯಾರ್ಕಿನ ಸ್ವಾತಂತ್ರ್ಯದೇವಿಯ ಪ್ರತಿಮೆ ಅನಾವರಣಗೊಂಡದ್ದು 1886ರಲ್ಲಿ. ಮೈ 2.4 ಮಿಲಿಮೀಟರು ದಪ್ಪದ ತಾಮ್ರ. ಒಳಗಿನ ಅಸ್ಥಿಪಂಜರ ಕಬ್ಬಿಣ. ಎರಡೂ ತಗುಲಬಾರದೆಂದು ಅರಗಿನಲ್ಲಿ ನೆನೆಸಿದ ಆಸ್ಬೆಸ್ಟಾಸನ್ನು ನಡುವೆ ಇಟ್ಟಿದ್ದರು. ಕಾಲಾಂತರದಲ್ಲಿ ಅದು ಸವೆದು, ಕಡಲ ಗಾಳಿಯ ತೇವ ಸೇರಿ, ಕಬ್ಬಿಣದ ಪಟ್ಟಿಗಳಿಗೆ ತುಕ್ಕು ಹಿಡಿಯಿತು. ತುಕ್ಕಿನ ಗಾತ್ರ ಮೂಲ ಕಬ್ಬಿಣಕ್ಕಿಂತ ಹೆಚ್ಚು. ಅದು ಉಬ್ಬಿ ತಾಮ್ರದ ರಿವೆಟ್ಟುಗಳನ್ನು ಕಿತ್ತೆಸೆಯಿತು. 1984ರಿಂದ 1986ರವರೆಗೆ ನಡೆದ ಜೀರ್ಣೋದ್ಧಾರದಲ್ಲಿ ಆ ಪಟ್ಟಿಗಳನ್ನು ತೆಗೆದು ಸ್ಟೇನ್‌ಲೆಸ್ ಸ್ಟೀಲಿನವನ್ನು ಹಾಕಿ, ನಡುವೆ ಟೆಫ್ಲಾನ್ ಇಟ್ಟರು.

ಅಷ್ಟು ದೂರದ ಕಥೆ ನಮಗೇಕೆ ಎನ್ನಬಾರದು. ಈಗ ನಮ್ಮ ಊರುಗಳ ತಾರಸಿಗಳ ಮೇಲೆ ಬಿಸಿಲಿನಿಂದ ನೀರು ಕಾಯಿಸುವ ಯಂತ್ರಗಳಿವೆ. ನಮ್ಮ ಬೀದಿಯ ಒಂದು ಮನೆಯಲ್ಲಿ ಅದರ ತಾಮ್ರದ ಕೊಳವೆಯನ್ನು ಜಿ.ಐ. ಪೈಪಿಗೆ ನೇರವಾಗಿ ಜೋಡಿಸಿದ್ದರು. ಕೆಲವೇ ವರ್ಷಗಳಲ್ಲಿ ಸಂದಿನ ಬಳಿ ನೀರು ಜಿನುಗತೊಡಗಿತು. ಪೈಪೇ ಕಳಪೆಯೆಂದು ಪ್ಲಂಬರ್ ತೀರ್ಪಿತ್ತ. ಪಿಂಚಣಿಯಲ್ಲಿ ಬಾಳುವ ಆ ಮನೆಯವರು ಹೊಸದನ್ನು ಕೊಂಡರು. ಅದೂ ಅದೇ ಹಾದಿ ಹಿಡಿಯಿತು. ತಪ್ಪು ಪೈಪಿನದಲ್ಲ, ಜೊತೆಯದು. ಇಷ್ಟೇ ಅಲ್ಲ, ತಾಮ್ರದೊಳಗಿಂದ ಹಾದುಬರುವ ನೀರು ತಾಮ್ರದ ಅಂಶವನ್ನು ಹೊತ್ತು ತಂದು ಮುಂದಿನ ಸತುಲೇಪದ ಮೇಲೆ ಬಿಡುವುದರಿಂದ ಒಳಗೂ ಕೊರೆತ ಉಂಟಾಗುತ್ತದೆ. ಆದ್ದರಿಂದ ತಾಮ್ರದ ಮುಂದಕ್ಕೆ ಬಿಸಿನೀರು ತಾಳುವ ಪ್ಲಾಸ್ಟಿಕ್ ಕೊಳವೆಯನ್ನೇ ಹಾಕಿಸುವುದು ಮೇಲು.

ಕೊನೆಗೆ ಒಂದು ಮಾತು. ಉಕ್ಕಿನ ತೊಟ್ಟಿಯಿರುವ ಅನೇಕ ಗೀಸರುಗಳೊಳಗೆ ಮೆಗ್ನೀಸಿಯಮ್ಮಿನ ಒಂದು ಸರಳು ನೀರಿನಲ್ಲಿ ಮುಳುಗಿರುತ್ತದೆ. ಶ್ರೇಣಿಯಲ್ಲಿ ಅದರ ಸ್ಥಾನ ಸತುವಿಗಿಂತಲೂ ಬಹಳ ಕೆಳಗೆ. ತೊಟ್ಟಿಗೆ ಬರಬೇಕಾದ ಸವೆತವನ್ನೆಲ್ಲ ತಾನೇ ವಹಿಸಿಕೊಂಡು ಅದು ದಿನದಿನಕ್ಕೆ ಕರಗುತ್ತದೆ. ನೀರು ಕಾಯಿಸುವ ಕೆಲಸದಲ್ಲಿ ಅದಕ್ಕೆ ಯಾವ ಪಾಲೂ ಇಲ್ಲ. ಅದು ತೀರಿದ ಮೇಲೆ ತೊಟ್ಟಿಗೂ ಹೆಚ್ಚು ಆಯುಸ್ಸಿಲ್ಲ. ಎಷ್ಟೋ ಮನೆಗಳಲ್ಲಿ ಅಂಥದೊಂದು ಸರಳು ಒಳಗಿದೆಯೆಂಬುದೇ ಗೊತ್ತಿಲ್ಲ. ಇನ್ನೊಮ್ಮೆ ಗೀಸರ್ ದುರಸ್ತಿಗೆ ಯಾರಾದರೂ ಬಂದಾಗ, ಆ ಸರಳು ಎಷ್ಟು ಉಳಿದಿದೆಯೆಂದು ದಯವಿಟ್ಟು ವಿಚಾರಿಸಿ.