ಗೇಟಿನ ಆಯುಷ್ಯ, ಚಿಪ್‌ನ ಆಯುಷ್ಯ

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಜಲಾಶಯ ಆಗಷ್ಟೇ ತುಂಬಿತ್ತು. ಅದೊಂದೇ ಕಿಂಡಿಯಿಂದ ಸುಮಾರು 35 ಸಾವಿರ ಕ್ಯುಸೆಕ್ ನೀರು ನುಗ್ಗಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ಎತ್ತಬೇಕಾಯಿತು. ಕಂಪ್ಲಿ, ಗಂಗಾವತಿ, ಸಿರುಗುಪ್ಪದ ಭತ್ತದ ರೈತರು ತಮ್ಮ ಬೆಳೆಯ ನೀರು ಹೊಳೆಪಾಲಾಗುವುದನ್ನು ನೋಡುತ್ತ ನಿಲ್ಲಬೇಕಾಯಿತು. ವಾರ ಕಳೆಯುವಷ್ಟರಲ್ಲಿ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಕಿಂಡಿ ಮುಚ್ಚಿತು. 60 ಅಡಿ ಅಗಲ, 4 ಅಡಿ ಎತ್ತರದ ಉಕ್ಕಿನ ತಡೆಹಲಗೆಗಳನ್ನು (ಸ್ಟಾಪ್‌ಲಾಗ್) ಹೊಸಪೇಟೆ ಮತ್ತು ತೋರಣಗಲ್ಲಿನಲ್ಲೇ ತಯಾರಿಸಿ, ಹರಿಯುವ ನೀರಿಗೇ ಇಳಿಸಿದ್ದರು.

ಅದು ಸಾಧ್ಯವಾದದ್ದು ಕೆಟ್ಟದ್ದು ಉಕ್ಕಾಗಿದ್ದರಿಂದ. ಉಕ್ಕಿನ ಹಾಳೆ ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲೇ ಸಿಗುತ್ತದೆ, ವೆಲ್ಡಿಂಗ್ ಮಾಡುವವರು ಊರಲ್ಲಿದ್ದಾರೆ, ಅಳತೆ ಗೊತ್ತಿದೆ. ಕೈಕೊಟ್ಟದ್ದು ಗೇಟು ಎತ್ತುವ ಮೋಟಾರನ್ನು ನಡೆಸುವ ಒಂದು ಹಳೆಯ ಸರ್ಕ್ಯೂಟ್ ಬೋರ್ಡ್ ಆಗಿದ್ದರೆ? ಅದರ ಮೇಲಿನ ಚಿಪ್ಪನ್ನು ತಯಾರಿಸುವುದನ್ನೇ ಕಂಪನಿ ಹತ್ತು ವರ್ಷದ ಹಿಂದೆ ನಿಲ್ಲಿಸಿದ್ದರೆ? ಆಗ ವರ್ಕ್‌ಶಾಪ್‌ನ ಜಾಣ್ಮೆ ಅಷ್ಟಾಗಿ ನಡೆಯುವುದಿಲ್ಲ. ಈ ಪ್ರಶ್ನೆಗೆ ಮೊದಲೇ ಉತ್ತರ ಸಿದ್ಧಮಾಡಿಟ್ಟುಕೊಳ್ಳುವ ಒಂದು ವಿದ್ಯೆಯೇ ಇದೆ. ಎಂಬೆಡೆಡ್ ಎಲೆಕ್ಟ್ರಾನಿಕ್ಸ್ ಅಂದರೆ ಯಂತ್ರದೊಳಗೆ ಹುದುಗಿ ಅದನ್ನು ನಡೆಸುವ ಪುಟ್ಟ ಕಂಪ್ಯೂಟರು. ಅದು ಹಳತಾದ ಮೇಲೂ ಅದನ್ನು ದಶಕಗಟ್ಟಲೆ ನಡೆಸಿಕೊಂಡು ಹೋಗುವುದೇ ಈ ಕೆಲಸ. ಐಇಸಿ 62402 ಎಂಬ ಅಂತರರಾಷ್ಟ್ರೀಯ ಮಾನದಂಡವೂ ಇದಕ್ಕಿದೆ. ನಮ್ಮಲ್ಲಿ ಇದರ ಹೆಸರು ಕೇಳಿದವರೇ ಕಡಿಮೆ.

ತೊಂದರೆ ಹುಟ್ಟುವುದು ಆಯುಷ್ಯದ ಅಂತರದಿಂದ. 1953ರಲ್ಲಿ ನೀರು ಹರಿಸಿದ ಅಣೆಕಟ್ಟು ಏಳು ದಶಕ ದಾಟಿದೆ. ಅದರ ಗೇಟುಗಳ ಆಯುಷ್ಯ 45 ವರ್ಷ ಎಂಬ ಲೆಕ್ಕವಿತ್ತು. ಅವು ಅದನ್ನೂ ಮೀರಿ ದುಡಿದವು. ಹಂಪಿಯ ಗದ್ದೆ, ಬಾಳೆತೋಟಗಳಿಗೆ ನೀರುಣಿಸುವ, ‘ತುರ್ತು’ ಎಂಬ ಹೆಸರಿನ ಕಾಲುವೆ ವಿಜಯನಗರದ ಕಾಲದ್ದು, ಇಂದಿಗೂ ಹರಿಯುತ್ತಿದೆ. ಆದರೆ ಒಂದು ಮೈಕ್ರೊಕಂಟ್ರೋಲರ್ ಚಿಪ್ ಮಾರುಕಟ್ಟೆಯಲ್ಲಿ ಸಿಗುವುದು ಹತ್ತು, ಹದಿನೈದು ವರ್ಷ. ಆಮೇಲೆ ತಯಾರಕರಿಂದ ನೋಟಿಸು ಬರುತ್ತದೆ: ಕೊನೆಯ ಆರ್ಡರ್ ಕೊಡಲು ಆರು ತಿಂಗಳು, ಕೊನೆಯ ಸರಬರಾಜಿಗೆ ಒಂದು ವರ್ಷ. ಉದ್ಯಮದ ರೂಢಿ ಹೀಗೆ. ಆ ನೋಟಿಸು ಬಿಡಿಭಾಗ ಕೊಂಡ ಕಂಪನಿಗೆ ಬರುತ್ತದೆಯೇ ಹೊರತು ಯಂತ್ರ ಬಳಸುವವರ ಮೇಜಿಗೆ ಬರುವುದು ಅಪರೂಪ. ಗೊತ್ತಾಗುವುದು ಕೆಟ್ಟ ದಿನವೇ.

ದೊಡ್ಡವರೂ ಈ ಪೇಚಿಗೆ ಸಿಲುಕಿದ್ದಾರೆ. ಬಾಹ್ಯಾಕಾಶ ನೌಕೆಯ ಬೂಸ್ಟರ್ ರಾಕೆಟ್‌ಗಳನ್ನು ಪರೀಕ್ಷಿಸುವ ಉಪಕರಣಕ್ಕೆ ಬೇಕಾದ ಇಂಟೆಲ್ 8086 ಚಿಪ್‌ಗಾಗಿ ಅಮೆರಿಕದ ನಾಸಾ 2002ರಲ್ಲಿ ಇಬೇಯಂಥ ಹಳೇ ಸಾಮಾನಿನ ಆನ್‌ಲೈನ್ ಸಂತೆಯನ್ನೇ ಜಾಲಾಡಿತ್ತು.

ಹಳೆಯ ಕಂಟ್ರೋಲ್ ಪ್ಯಾನೆಲ್ ಒಂದರ ಬಾಗಿಲು ತೆರೆದರೆ ಈ ವಿದ್ಯೆಯ ಒಳಹೊರಗು ಕಾಣುತ್ತದೆ. ಬೋರ್ಡಿನ ಮೇಲೆ ಸಾಲಾಗಿ ನಿಂತ ಡಬ್ಬಿಯಂಥ ಕೆಪಾಸಿಟರ್‌ಗಳಲ್ಲಿ ಒಂದೆರಡರ ನೆತ್ತಿ ಉಬ್ಬಿರುತ್ತದೆ, ಬುಡದಲ್ಲಿ ಕಂದು ಕಲೆ. ಒಳಗಿನ ದ್ರವ ಒಣಗುತ್ತಿದೆ ಎಂದರ್ಥ. ತಾಪ 10 ಡಿಗ್ರಿ ಏರಿದಂತೆ ಇವುಗಳ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ನಮ್ಮ ಬೇಸಿಗೆಯಲ್ಲಿ, ಮುಚ್ಚಿದ ಪೆಟ್ಟಿಗೆಯೊಳಗೆ, ಅದೆಷ್ಟು ಬೇಗ ಒಣಗೀತು! ಪಕ್ಕದಲ್ಲಿ ನಡುವೆ ಗಾಜಿನ ಕಿಟಕಿಯಿರುವ ಚಿಪ್ ಇರುತ್ತದೆ. ಕಿಟಕಿಯ ಮೇಲೊಂದು ಸ್ಟಿಕ್ಕರ್. ಅದು ಈಪ್ರಾಮ್, ಯಂತ್ರ ನಡೆಸುವ ಪ್ರೋಗ್ರಾಂ ಇರುವ ಜಾಗ. ಸ್ಟಿಕ್ಕರ್ ಕಿತ್ತು ಬಿಸಿಲಿಗೆ ಬಿಟ್ಟರೆ ಅತಿನೇರಳೆ ಕಿರಣ ಅದನ್ನು ನಿಧಾನವಾಗಿ ಅಳಿಸುತ್ತದೆ. ಮುಚ್ಚಿಟ್ಟರೂ ದಶಕಗಳಲ್ಲಿ ತಾನಾಗಿಯೇ ಮಾಸುತ್ತದೆ. ಇನ್ನು ಪಿಎಲ್‌ಸಿ ಎಂಬ ಕೆಲವು ಯಂತ್ರ ನಿಯಂತ್ರಕಗಳಲ್ಲಿ ಪ್ರೋಗ್ರಾಂ ಉಳಿದಿರುವುದೇ ಒಂದು ಪುಟ್ಟ ಲಿಥಿಯಂ ಬ್ಯಾಟರಿಯ ಬಲದಿಂದ. ಬ್ಯಾಟರಿ ಸತ್ತಿರುವಾಗ ಕರೆಂಟೂ ಹೋದರೆ ಯಂತ್ರ ಎಲ್ಲವನ್ನೂ ಮರೆಯುತ್ತದೆ. ಸಂಡೂರು, ತೋರಣಗಲ್ಲು ಕಡೆಯ ಅದಿರಿನ ಕೆಂಧೂಳು ಇಂಥ ಪೆಟ್ಟಿಗೆಗಳಿಗೆ ಇನ್ನೊಂದು ಕಾಟ.

ಹಾಗಾಗಿ ಇದನ್ನು ಬಲ್ಲವರು ಮೊದಲು ಮಾಡುವ ಕೆಲಸ ಪ್ರೋಗ್ರಾಂನ ಪ್ರತಿ ತೆಗೆದಿಡುವುದು. ಅದನ್ನು ಓದುವ ತಂತ್ರಾಂಶ ಹಳೆಯ ವಿಂಡೋಸ್‌ನಲ್ಲಿ ಮಾತ್ರ ನಡೆಯುವುದಾದರೆ, ಸೀರಿಯಲ್ ಪೋರ್ಟ್ ಇರುವ ಹಳೆಯ ಲ್ಯಾಪ್‌ಟಾಪನ್ನೂ ಕೇಬಲ್ ಸಮೇತ ಬೀರುವಿನಲ್ಲಿ ಜೋಪಾನ ಮಾಡುತ್ತಾರೆ. ಕೊನೆಯ ಆರ್ಡರ್‌ನ ಹೊತ್ತಿಗೆ ಲೆಕ್ಕ ಹಾಕಿ ಬಿಡಿಭಾಗ ಕೊಂಡು ತೇವ ತಾಗದ ಪೊಟ್ಟಣದಲ್ಲಿ ಇಡುತ್ತಾರೆ; ಕಪಾಟಿನಲ್ಲೇ ಚಿಪ್ಪಿನ ಕಾಲುಗಳು ತುಕ್ಕು ಹಿಡಿದರೆ ಬೆಸುಗೆ ಕೂರುವುದಿಲ್ಲ. ಬಿಡಿಭಾಗವೇ ಸಿಗದಾದಾಗ ಹಳೆಯ ಬೋರ್ಡಿನ ಅಳತೆ, ಹಳೆಯ ಕನೆಕ್ಟರ್, ಹಳೆಯ ನಡವಳಿಕೆ ಇಟ್ಟುಕೊಂಡು ಒಳಗೆ ಹೊಸ ಚಿಪ್ ಕೂರಿಸಿದ ಬದಲಿ ಬೋರ್ಡ್ ಮಾಡಿಸುತ್ತಾರೆ. ನನ್ನ ಮಟ್ಟಿಗೆ ಇದು ಬಹಳ ದೊಡ್ಡ ವಿದ್ಯೆ. ಸರ್ಕ್ಯೂಟಿನ ನಕ್ಷೆ ಕೈಯಲ್ಲಿದ್ದರೆ ಕೆಲಸ ಸಲೀಸು, ಇಲ್ಲದಿದ್ದರೆ ಒಂದೊಂದೇ ತಾಮ್ರದ ಗೆರೆ ಹಿಡಿದು ಹುಡುಕಬೇಕು.

ಆಯುಷ್ಯವನ್ನು ಮೊದಲೇ ಒಪ್ಪಿಕೊಂಡು ನಡೆಯುವುದು ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಮತ್ತು ಹೈದರಾಬಾದಿನ ಇಸಿಐಎಲ್ ತಯಾರಿಸುವ ಮತಯಂತ್ರಕ್ಕೆ ಚುನಾವಣಾ ಆಯೋಗ 15 ವರ್ಷದ ಆಯುಷ್ಯ ಎಣಿಸುತ್ತದೆ. ಅದಕ್ಕೆ ತಕ್ಕಂತೆ ಹೊಸ ತಲೆಮಾರಿನ ಯಂತ್ರಗಳು ಬರುತ್ತವೆ. ನೀರಾವರಿಯಲ್ಲಿ ಈ ಶಿಸ್ತು ಈಗ ತುರ್ತು. ನಾರಾಯಣಪುರ ಎಡದಂಡೆ ಕಾಲುವೆಯಲ್ಲಿ ಗೇಟುಗಳನ್ನು ಸ್ಕಾಡಾ ವ್ಯವಸ್ಥೆಯಲ್ಲಿ ದೂರದಿಂದಲೇ ನಿಯಂತ್ರಿಸಲಾಗುತ್ತಿದೆ. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ ಅಣೆಕಟ್ಟುಗಳಲ್ಲಿ ಅಳತೆಯ ಉಪಕರಣ ಇರಬೇಕೆನ್ನುತ್ತದೆ. ಸೆನ್ಸರ್ ಬಂದ ಮೇಲೆ ಸಿಮ್ ಬರುತ್ತದೆ, ಸಿಮ್‌ನ ಹಿಂದೆ ನೆಟ್‌ವರ್ಕ್. ಏರ್‌ಟೆಲ್ 2020ರಲ್ಲಿ 3ಜಿ ನಿಲ್ಲಿಸಿದಂತೆ ನೆಟ್‌ವರ್ಕ್ ನಿಂತರೆ ಸರಿಯಿರುವ ಉಪಕರಣವೂ ಮೂಕವಾಗುತ್ತದೆ.

ಗೇಟು ಕೊಚ್ಚಿಹೋದ ಮೇಲೆ ಎ.ಕೆ. ಬಜಾಜ್ ನೇತೃತ್ವದ ತಜ್ಞರ ಸಮಿತಿ ತುಂಗಭದ್ರೆಯ ಎಲ್ಲ 33 ಗೇಟುಗಳನ್ನು ಬದಲಿಸಲು ಹೇಳಿತು. 2025ರ ಮಳೆಗಾಲದಲ್ಲಿ ಸಂಗ್ರಹವನ್ನು 80 ಟಿಎಂಸಿ ಅಡಿಗೆ ಸೀಮಿತಗೊಳಿಸಲಾಯಿತು, ಕೆಲಸಕ್ಕಾಗಿ ಎರಡನೇ ಬೆಳೆಯ ನೀರನ್ನೂ ತಡೆಯಲಾಯಿತು. ರೈತರು ಒಂದು ಬೆಳೆ ಬಿಟ್ಟು ಬೆಲೆ ತೆತ್ತಿದ್ದಾರೆ. ಇನ್ನು ಇಲ್ಲಿ ಕೂರಿಸುವ ಪ್ರತಿಯೊಂದು ಮೋಟಾರ್ ನಿಯಂತ್ರಕ, ಪ್ರತಿಯೊಂದು ಸೆನ್ಸರಿನ ಟೆಂಡರಿನಲ್ಲೂ ಕೆಲವು ಷರತ್ತು ಇರಲೇಬೇಕು: ಸರ್ಕ್ಯೂಟ್ ನಕ್ಷೆ ಮತ್ತು ಪ್ರೋಗ್ರಾಂನ ಮೂಲಪ್ರತಿ ಅಣೆಕಟ್ಟನ್ನು ನೋಡಿಕೊಳ್ಳುವ ತುಂಗಭದ್ರಾ ಮಂಡಳಿಯ ಸ್ವಂತಕ್ಕೆ ಸೇರಬೇಕು, ಬಿಡಿಭಾಗ ನಿಲ್ಲಿಸುವ ನೋಟಿಸು ನೇರ ಮಂಡಳಿಗೆ ಬರಬೇಕು, ಎಲ್ಲ ಎಲೆಕ್ಟ್ರಾನಿಕ್ಸ್ ಕೈಕೊಟ್ಟ ದಿನವೂ ಗೇಟನ್ನು ಕೈಯಿಂದ ಎತ್ತಿ ಇಳಿಸುವ ವ್ಯವಸ್ಥೆ ಉಳಿದಿರಬೇಕು. ಕೊಳ್ಳುವ ದಿನ ಬರೆಸಿಕೊಳ್ಳದ ಷರತ್ತನ್ನು ಕೆಟ್ಟ ದಿನ ಯಾರೂ ಕೊಡುವುದಿಲ್ಲ. ಮಂಡಳಿಯ ಎಂಜಿನಿಯರುಗಳು ಇದನ್ನು ಬರೆಸಲಿ, ನೀರು ಬಳಕೆದಾರರ ಸಂಘಗಳು ಕೇಳಿ ಬರೆಸಲಿ.